ದೊಡ್ಡವರಲ್ಲಿ ಕರುಳೊಳಗೆ ಕರುಳು: ಎರಡು ರಿಪೋರ್ಟು, ಒಂದೇ ಪದ. ಆಪರೇಷನ್ ಯಾರಿಗೆ?

ಡ್ಯೂಟಿರೂಮ್ (ಪ್ರಶ್ನೆ)

ತಾಲ್ಲೂಕು ಆಸ್ಪತ್ರೆಯಿಂದ ಕೇಳುತ್ತಿದ್ದೇನೆ. ಎರಡು ಸಿಟಿ ರಿಪೋರ್ಟುಗಳು ಮುಂದಿವೆ. ಎರಡರ ಕೊನೆಯ ಸಾಲೂ ಒಂದೇ: "ಇಂಟಸಸೆಪ್ಷನ್, ಸರ್ಜನ್ ಅಭಿಪ್ರಾಯ ಪಡೆಯುವುದು." ಇಂಟಸಸೆಪ್ಷನ್ ಅಂದರೆ ಕರುಳಿನ ಒಂದು ಭಾಗ ಪಕ್ಕದ ಭಾಗದೊಳಕ್ಕೆ ತೂರಿಕೊಳ್ಳುವುದು.

ಮೊದಲನೆಯವರು 34ರ ಗಂಡಸು. ಎಡ ಪಕ್ಕೆ ನೋವು ಅಂತ ಬಂದವರು, ಕಲ್ಲಿನ ಅನುಮಾನಕ್ಕೆ ಪ್ಲೇನ್ ಸಿಟಿ (ಕಾಂಟ್ರಾಸ್ಟ್ ಔಷಧಿ ಇಲ್ಲದ ಸ್ಕ್ಯಾನ್) ಆಗಿದೆ. ಎಡ ಯುರೀಟರ್‌ನಲ್ಲಿ (ಮೂತ್ರನಾಳದಲ್ಲಿ) 5 ಮಿ.ಮೀ. ಕಲ್ಲು ಸಿಕ್ಕಿದೆ. ಅದರ ಜೊತೆಗೆ ಜೆಜುನಂನಲ್ಲಿ (ಸಣ್ಣ ಕರುಳಿನ ಮೇಲ್ಭಾಗ) ಸುಮಾರು 2 ಸೆಂ.ಮೀ. ಉದ್ದಕ್ಕೆ ಕರುಳು ಒಳಹೊಕ್ಕಿದೆ ಎಂದಿದ್ದಾರೆ. ವಾಂತಿ ಇಲ್ಲ, ಹೊಟ್ಟೆ ಮೆತ್ತಗಿದೆ, ಊಟ ಸೇರುತ್ತಿದೆ.

ಎರಡನೆಯವರು 56ರ ಹೆಂಗಸು. ಮೂರು ತಿಂಗಳಿಂದ ಹೊಟ್ಟೆ ಹಿಂಡಿದ ಹಾಗೆ ನೋವು ಬಂದು ಬಂದು ಹೋಗುತ್ತದೆ. ಊರಿನಲ್ಲಿ "ಗ್ಯಾಸ್ಟ್ರಿಕ್" ಅಂತ ಪ್ಯಾಂಟೊಪ್ರಜೋಲ್ ನಡೆದಿದೆ. ಎಚ್‌ಬಿ (ಹಿಮೋಗ್ಲೋಬಿನ್) 8.4. ನೋವು ಬಂದಾಗ ಬಲಭಾಗದಲ್ಲಿ ಗಡ್ಡೆ ಕೈಗೆ ಸಿಗುತ್ತದೆ. ಕಾಂಟ್ರಾಸ್ಟ್ ಸಿಟಿಯಲ್ಲಿ ಇಲಿಯಂ (ಸಣ್ಣ ಕರುಳಿನ ಕೊನೆ) ಮತ್ತು ಸೀಕಂ (ದೊಡ್ಡ ಕರುಳಿನ ಆರಂಭ) ಸೇರಿ ಹೆಪಾಟಿಕ್ ಫ್ಲೆಕ್ಷರ್‌ವರೆಗೆ (ಯಕೃತ್ತಿನ ಬಳಿ ದೊಡ್ಡ ಕರುಳಿನ ತಿರುವು) ಒಳಸರಿದಿವೆ, ತುದಿಯಲ್ಲಿ 4 ಸೆಂ.ಮೀ. ಗಡ್ಡೆ, ಹಿಂದಿನ ಸಣ್ಣ ಕರುಳು 3.2 ಸೆಂ.ಮೀ.ಗೆ ಉಬ್ಬಿದೆ. ಗಾಳಿ ಹೋಗುತ್ತಿದೆ. ನಾಡಿ 96, ಬಿಪಿ 110/70, ಜ್ವರ ಇಲ್ಲ.

ಇಬ್ಬರಿಗೂ ಆಪರೇಷನ್ ಬೇಕೆ? ಮಕ್ಕಳಿಗೆ ಎನಿಮಾ ಕೊಟ್ಟು ಬಿಡಿಸುವ ಹಾಗೆ ಇಲ್ಲಿ ಯಾಕೆ ಬಿಡಿಸಬಾರದು? ಎರಡನೆಯವರಿಗೆ ಕೊಲೊನೊಸ್ಕೋಪಿ ಮೊದಲೋ, ನೇರ ಸರ್ಜರಿಯೋ? ಮೇಲಿನ ಆಸ್ಪತ್ರೆಗೆ ಕಳಿಸುವ ಮುಂಚೆ ಇಲ್ಲಿ ಏನೇನು ಆಗಿರಬೇಕು?

ನೆರಳುಚಿತ್ರ (ರೇಡಿಯಾಲಜಿ)

ರಿಪೋರ್ಟಿನ ಪದ ಒಂದೇ ಆದರೂ ಕಾಯಿಲೆ ಒಂದೇ ಅಲ್ಲ. "ದೊಡ್ಡವರಲ್ಲಿ ಇಂಟಸಸೆಪ್ಷನ್ ಅಂದರೆ ನೂರಕ್ಕೆ ತೊಂಬತ್ತು ಗಡ್ಡೆ ಇದ್ದೇ ಇರುತ್ತದೆ, ಎಲ್ಲರಿಗೂ ಆಪರೇಷನ್" ಅಂತ ನಾವೆಲ್ಲ ಓದಿದ್ದು ಆಪರೇಷನ್ ಆದವರ ಲೆಕ್ಕದಿಂದ. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು 1997ರಲ್ಲಿ ಪ್ರಕಟಿಸಿದ್ದು 30 ವರ್ಷಗಳಲ್ಲಿ ಹೊಟ್ಟೆ ತೆರೆದು ಖಚಿತವಾದ 58 ಜನರ ವಿವರ. ಅವರಲ್ಲಿ 93% ಜನಕ್ಕೆ ಕಾರಣವಾದ ಗಾಯವೋ ಗಡ್ಡೆಯೋ ಸಿಕ್ಕಿತು. ಹೊಟ್ಟೆ ತೆರೆಯುವಷ್ಟು ತೊಂದರೆ ಇದ್ದವರಲ್ಲಿ ಹಾಗೆ ಸಿಗುವುದು ಸಹಜವೇ. ಈಗ ಕಲ್ಲಿಗೆ, ಅಪಘಾತಕ್ಕೆ, ಬೆನ್ನುನೋವಿಗೆಲ್ಲ ಸಿಟಿ ಮಾಡುತ್ತೇವೆ. ಸಣ್ಣ ಕರುಳು ಕ್ಷಣಕಾಲ ಒಳಸರಿದು ತಾನೇ ಬಿಟ್ಟುಕೊಳ್ಳುವುದೂ ಕಣ್ಣಿಗೆ ಬೀಳುತ್ತಿದೆ.

ನಿಮ್ಮ ಮೊದಲ ರೋಗಿಯದು ಆ ಪೈಕಿ. ಜಾಗ ಜೆಜುನಂ, ಉದ್ದ 3.5 ಸೆಂ.ಮೀ.ಗಿಂತ ಕಡಿಮೆ, ಹಿಂದಿನ ಕರುಳು ಉಬ್ಬಿಲ್ಲ, ನೋವಿಗೆ ಬೇರೆ ಕಾರಣ ಕಣ್ಣೆದುರೇ ಇದೆ. ಆ 3.5ರ ಗಡಿ 2003ರ ಒಂದು ರೇಡಿಯಾಲಜಿ ಅಧ್ಯಯನದ್ದು. ಅದನ್ನು ಕಾನೂನಿನಂತೆ ಹಿಡಿಯಬೇಡಿ. 3 ಸೆಂ.ಮೀ. ಇದ್ದು ತುದಿಯಲ್ಲಿ ಗಂಟು ಕಂಡರೆ ಅದು ಗಂಟಿನ ಕೇಸೇ. ಇವರಿಗೆ ಆಗಿರುವುದು ಪ್ಲೇನ್ ಸಿಟಿ, ಆದ್ದರಿಂದ ಕರುಳಗೋಡೆಗೆ ರಕ್ತ ಹರಿಯುತ್ತಿದೆಯೇ ಎಂಬುದು ಅದರಲ್ಲಿ ತಿಳಿಯುವುದಿಲ್ಲ, ಸಣ್ಣ ಪಾಲಿಪ್ ಕೂಡ ತಪ್ಪಿಹೋಗಬಹುದು. ಹಾಗಂತ ತಕ್ಷಣ ಇನ್ನೊಂದು ಸಿಟಿ ಬೇಡ. ಮಾರನೆಯ ದಿನ ಹೊಟ್ಟೆ ಮುಟ್ಟಿ ನೋಡಿ, ಅದೇ ಜಾಗದಲ್ಲಿ ಒಂದು ಅಲ್ಟ್ರಾಸೌಂಡ್ ಮಾಡಿಸಿ. ಕಾಣಿಸದಿದ್ದರೆ ಕಲ್ಲಿನ ಚಿಕಿತ್ಸೆಯಷ್ಟೇ ಮುಂದುವರಿಸಿ.

ಇಂಥದ್ದು ಮತ್ತೆ ಮತ್ತೆ ಕಂಡರೆ, ಅಥವಾ ರಕ್ತಹೀನತೆ, ಭೇದಿ, ತೂಕ ಇಳಿಯುವುದು ಜೊತೆಗಿದ್ದರೆ ಮಾತು ಬೇರೆ. ಆಗ ಸೀಲಿಯಾಕ್ ಕಾಯಿಲೆಗೆ (ಗೋಧಿಯ ಗ್ಲುಟೆನ್ ಒಗ್ಗದಿರುವುದು) ಟಿಟಿಜಿ ಐಜಿಎ ಮತ್ತು ಒಟ್ಟು ಐಜಿಎ ರಕ್ತಪರೀಕ್ಷೆ ಕಳಿಸಿ, ಗೋಧಿ ಬಿಡಿಸುವ ಮೊದಲೇ ಕಳಿಸಿ. ಉತ್ತರ ಭಾರತಕ್ಕೆ ಹೋಲಿಸಿದರೆ ನಮ್ಮ ಕಡೆ ಆ ಕಾಯಿಲೆ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಜೊತೆಗೆ ಸಿಟಿ ಅಥವಾ ಎಂಆರ್ ಎಂಟರೋಗ್ರಫಿ (ಸಣ್ಣ ಕರುಳಿನ ವಿಶೇಷ ಸ್ಕ್ಯಾನ್).

ಎರಡನೆಯವರ ಸಿಟಿ ಓದುವಾಗ ಎರಡು ಕಡೆ ಎಡವುವ ಸಾಧ್ಯತೆ ಇದೆ. ಅಂಗಿಯ ತೋಳನ್ನು ಒಳಕ್ಕೆ ಎಳೆದ ಹಾಗೆ ಮೂರು ಪದರ ಆಗಿರುತ್ತದಲ್ಲ, ಒಳಹೊಕ್ಕ ಕರುಳಿನ ಜೊತೆ ಅದರ ಮೆಸೆಂಟರಿಯ (ಕರುಳನ್ನು ಹಿಡಿದಿಡುವ ಪೊರೆ) ಕೊಬ್ಬೂ ರಕ್ತನಾಳಗಳೂ ಒಳಗೆ ಹೋಗಿರುತ್ತವೆ. ಅಡ್ಡ ಕೊಯ್ತದಲ್ಲಿ ಗುರಿಹಲಗೆಯಂತಹ ಉಂಗುರಗಳು ಕಾಣುವುದು ಅದರಿಂದಲೇ. ಆ ಕೊಬ್ಬನ್ನು ಲೈಪೋಮಾ (ಕೊಬ್ಬಿನ ಗಡ್ಡೆ) ಅಂತ ಬರೆದುಬಿಡುವುದುಂಟು. ಕೊಬ್ಬಿನ ನಡುವೆ ನಾಳಗಳು ಹಾದುಹೋಗುತ್ತಿದ್ದರೆ ಅದು ಮೆಸೆಂಟರಿ. ದುಂಡಗೆ, ಅಂಚು ಸ್ಪಷ್ಟವಾಗಿ, ನಾಳಗಳಿಲ್ಲದೆ, -40ರಿಂದ -120 ಎಚ್‌ಯು (ಸಿಟಿಯಲ್ಲಿ ಸಾಂದ್ರತೆಯ ಅಳತೆ) ನಡುವೆ ಇದ್ದರೆ ಲೈಪೋಮಾ. ಇನ್ನೊಂದು, ಒಳಹೊಕ್ಕ ಕರುಳಿನ ತುದಿ ನೀರು ತುಂಬಿ ಊದಿಕೊಂಡು ಗಡ್ಡೆಯಂತೆಯೇ ಕಾಣಬಹುದು. ಕೊರೋನಲ್ ಚಿತ್ರಗಳಲ್ಲಿ ತುದಿಯವರೆಗೆ ಹಿಂಬಾಲಿಸಿ ನೋಡಬೇಕು. ಇವರದು 4 ಸೆಂ.ಮೀ. ಇದೆ, ರಕ್ತಹೀನತೆಯೂ ಇದೆ, ಹಾಗಾಗಿ ನಿಜವಾದ ಗಡ್ಡೆ ಎಂದುಕೊಂಡೇ ಮುಂದುವರಿಯುವುದು ಸರಿ.

ಗೋಡೆ ಕಾಂಟ್ರಾಸ್ಟ್ ಹಿಡಿಯದಿರುವುದು, ಪದರಗಳ ನಡುವೆ ನೀರು ನಿಂತಿರುವುದು, ಗೋಡೆಯೊಳಗೆ ಅಥವಾ ಪೋರ್ಟಲ್ ವೇನ್‌ನಲ್ಲಿ ಗಾಳಿ, ಹೊಟ್ಟೆಯಲ್ಲಿ ನೀರು: ಇವುಗಳಲ್ಲಿ ಯಾವುದಾದರೂ ರಿಪೋರ್ಟಿನಲ್ಲಿದೆಯೇ ನೋಡಿ. ಬರೆದಿಲ್ಲದಿದ್ದರೆ ಫೋನ್ ಮಾಡಿ ಕೇಳಿ. ಕುಡಿಸುವ ಬಿಳಿ ಕಾಂಟ್ರಾಸ್ಟ್ ಇಂಥವರಿಗೆ ಬೇಡ. ಗೋಡೆಯ ಹೊಳಪನ್ನು ಅದು ಮುಚ್ಚಿಹಾಕುತ್ತದೆ, ವಾಂತಿಯ ಅಪಾಯ ಬೇರೆ.

ಕತ್ತರಿ_ಸೂಜಿ (ಸರ್ಜರಿ)

ಮೇಲಿನವರ ಮಾತಿಗೆ ನನ್ನ ಒಪ್ಪಿಗೆ ಇದೆ. ಮೊದಲನೆಯವರಿಗೆ ಚಾಕು ಬೇಡ. ಇನ್ನು ಎನಿಮಾ ವಿಷಯ.

ಮಗುವಿನಲ್ಲಿ ಸಾಮಾನ್ಯವಾಗಿ ಒಳಗೆ ಎಳೆಯುವುದು ವೈರಲ್ ಜ್ವರದ ನಂತರ ಊದಿಕೊಂಡ ಪೇಯರ್ಸ್ ಪ್ಯಾಚ್ (ಕರುಳಗೋಡೆಯ ಲಿಂಫ್ ಅಂಗಾಂಶ). ಬಿಡಿಸಿದರೆ ಕೆಲಸ ಮುಗಿಯಿತು, ಊತ ತಾನೇ ಇಳಿಯುತ್ತದೆ. ದೊಡ್ಡವರಲ್ಲಿ ತುದಿಯಲ್ಲಿರುವ ಗಡ್ಡೆ ಬಿಡಿಸಿದ ಮೇಲೂ ಅಲ್ಲೇ ಇರುತ್ತದೆ. ಊದಿದ, ಅರೆಜೀವದ ಕರುಳಿಗೆ ಒತ್ತಡ ಹಾಕಿದರೆ ಒಡೆಯಬಹುದು, ಒಡೆದರೆ ಮಲವೂ ಗಡ್ಡೆಯ ಕಣಗಳೂ ಹೊಟ್ಟೆಯೊಳಕ್ಕೆ. ಆದ್ದರಿಂದ ದೊಡ್ಡವರಲ್ಲಿ ಚಿಕಿತ್ಸೆಗಾಗಿ ಗಾಳಿ, ಬೇರಿಯಂ, ಸಲೈನ್ ಯಾವ ಎನಿಮಾವೂ ಇಲ್ಲ.

ಕಾರಣ ಏನು ಎಂದರೆ, ದೊಡ್ಡ ಕರುಳಿನಲ್ಲಿ ಅರ್ಧದಷ್ಟೋ ಅದಕ್ಕೂ ಹೆಚ್ಚೋ ಕ್ಯಾನ್ಸರ್, ಬಹುತೇಕ ಅಲ್ಲೇ ಹುಟ್ಟಿದ ಅಡಿನೋಕಾರ್ಸಿನೋಮಾ. ಉಳಿದದ್ದರಲ್ಲಿ ಲೈಪೋಮಾ ಮುಂದು. ಸಣ್ಣ ಕರುಳಿನಲ್ಲಿ ಸೌಮ್ಯ ಗಡ್ಡೆಗಳದೇ ಹೆಚ್ಚು ಪಾಲು: ಲೈಪೋಮಾ, ಇನ್‌ಫ್ಲಮೇಟರಿ ಫೈಬ್ರಾಯ್ಡ್ ಪಾಲಿಪ್, ಪಾಯಿಟ್ಸ್-ಜೇಗರ್ಸ್ (ಕರುಳಿನಲ್ಲಿ ಹಲವು ಪಾಲಿಪ್ ಬರುವ ಆನುವಂಶಿಕ ಕಾಯಿಲೆ) ಪಾಲಿಪ್, ಒಳಮಗುಚಿದ ಮೆಕೆಲ್ಸ್ (ಹುಟ್ಟಿನಿಂದ ಇರುವ ಕರುಳಿನ ಚೀಲ). ಕ್ಯಾನ್ಸರ್ ಇದ್ದರೆ ಅದು ಬೇರೆ ಕಡೆಯಿಂದ ಬಂದದ್ದೇ ಹೆಚ್ಚು, ಮೆಲನೋಮಾ (ಮಚ್ಚೆಯಂತೆ ಕಾಣುವ ಚರ್ಮದ ಕ್ಯಾನ್ಸರ್) ಅದರಲ್ಲಿ ಹೆಸರುವಾಸಿ. ಹಿಂದೆ ಮಚ್ಚೆ ತೆಗೆಸಿದ್ದರೇ ಅಂತ ಕೇಳಿ. ತುಟಿಯ ಮೇಲೆ, ಬಾಯೊಳಗೆ ಕಪ್ಪು ಚುಕ್ಕೆ ಇವೆಯೇ ನೋಡಿ, ಅದು ಪಾಯಿಟ್ಸ್-ಜೇಗರ್ಸ್ ಗುರುತು. ಅರ್ಧ ನಿಮಿಷದ ಕೆಲಸ ಇದು, ಯಾರೂ ಮಾಡುವುದಿಲ್ಲ.

ಎರಡನೆಯ ರೋಗಿಗೆ ಬಲ ಹೆಮಿಕೊಲೆಕ್ಟಮಿ (ದೊಡ್ಡ ಕರುಳಿನ ಬಲಭಾಗ ತೆಗೆಯುವುದು), ಕ್ಯಾನ್ಸರ್‌ಗೆ ಮಾಡುವ ಕ್ರಮದಲ್ಲೇ, ಬಿಡಿಸದೆ ಇಡೀ ಮುದ್ದೆಯಾಗಿ. ಮೊದಲು ಆ ಭಾಗದ ಇಲಿಯೋಕಾಲಿಕ್ ರಕ್ತನಾಳಗಳನ್ನು ಬುಡದಲ್ಲಿ ಕಟ್ಟುವುದು, ಆಮೇಲೆ ಕರುಳು ಸಡಿಲಿಸುವುದು. ಕನಿಷ್ಠ 12 ಲಿಂಫ್ ಗ್ರಂಥಿಗಳು ಸಿಗುವಷ್ಟು ಮೆಸೆಂಟರಿ ಬರಬೇಕು. ಹಿಂದಿನ ಕರುಳು ಇವರಲ್ಲಿ ತುಂಬಾ ಉಬ್ಬಿಲ್ಲ, ಅನುಭವಸ್ಥರ ಕೈಯಲ್ಲಿ ಲ್ಯಾಪರೊಸ್ಕೋಪಿ ಆಗಬಹುದು. ಹೊರತೆಗೆಯುವ ಗಾಯಕ್ಕೆ ವೂಂಡ್ ಪ್ರೊಟೆಕ್ಟರ್ ಹಾಕಿ. ಉಬ್ಬಿದ ಕರುಳನ್ನು ಗ್ರಾಸ್ಪರ್‌ನಿಂದ ಹಿಡಿದು ಎಳೆದಾಡುವ ಹಂತ ಬಂದರೆ ಓಪನ್ ಮಾಡಿಬಿಡುವುದು ಲೇಸು.

ಬಿಡಿಸುವುದು ಯಾವಾಗ ಸರಿ? ಸಣ್ಣ ಕರುಳು, ಕರುಳಿಗೆ ಜೀವ ಇದೆ, ಗಡ್ಡೆ ಸೌಮ್ಯ ಎಂಬ ಬಲವಾದ ಸೂಚನೆ ಇದೆ, ಬಿಡಿಸದೆ ಕತ್ತರಿಸಿದರೆ ತುಂಬಾ ಉದ್ದ ಹೋಗುತ್ತದೆ, ಆಗ. ಪಾಯಿಟ್ಸ್-ಜೇಗರ್ಸ್‌ನವರಿಗೆ ಇದು ಬಹಳ ಮುಖ್ಯ, ಅವರಿಗೆ ಬದುಕಿನಲ್ಲಿ ಇನ್ನೂ ಆಪರೇಷನ್‌ಗಳು ಬರಬಹುದು, ಒಂದೊಂದು ಅಡಿ ಕರುಳೂ ಲೆಕ್ಕಕ್ಕಿದೆ. ಎಳೆಯಬೇಡಿ, ತಳ್ಳಿ. ಮುಂದಿನ ತುದಿಯನ್ನು ಹೊರಗಿನ ಕರುಳಿನ ಮೇಲಿಂದ ಅಂಗೈಯಲ್ಲಿ ಹಿಡಿದು ಹಿಂದಕ್ಕೆ ಹಿಂಡುತ್ತಾ ಬರಬೇಕು. ಎರಡು ಮೂರು ನಿಮಿಷ ಸಮನಾಗಿ ಒತ್ತಿ ಹಿಡಿದರೆ ಊತ ಇಳಿದು ಸರಿಯುತ್ತದೆ. ಸೀರೋಸಾ (ಕರುಳಿನ ಹೊರಪದರ) ಸೀಳಲು ಶುರುವಾದರೆ ಅಲ್ಲಿಗೆ ನಿಲ್ಲಿಸಿ, ಕತ್ತರಿಸಿ. ಬಿಟ್ಟ ಮೇಲೆ ಬಿಸಿ ಸಲೈನ್ ಮಾಪ್ ಸುತ್ತಿ 10-15 ನಿಮಿಷ ಕಾಯಿರಿ, 100% ಆಮ್ಲಜನಕ ಕೊಡಿಸಿ. ಬಣ್ಣ, ಚಲನೆ, ಮೆಸೆಂಟರಿಯ ಅಂಚಿನಲ್ಲಿ ಮಿಡಿತ ನೋಡಿ. ಐಸಿಜಿ ಕ್ಯಾಮೆರಾ (ಬಣ್ಣ ಕೊಟ್ಟು ರಕ್ತದ ಹರಿವು ತೋರಿಸುವುದು) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಣ್ಣು ಮತ್ತು ಬೆರಳು. ನಂತರ ಡಿಜೆ ಫ್ಲೆಕ್ಷರ್‌ನಿಂದ (ಜೆಜುನಂ ಶುರುವಾಗುವ ಜಾಗ) ಇಲಿಯೋಸೀಕಲ್ ಕವಾಟದವರೆಗೆ ಪೂರ್ತಿ ಕರುಳನ್ನು ಬೆರಳುಗಳ ನಡುವೆ ಹಾಯಿಸಿ. ಎರಡನೇ ಪಾಲಿಪ್ ಉಳಿದುಹೋಗುವುದು ಇಲ್ಲೇ.

ದೊಡ್ಡ ಕರುಳಿನಲ್ಲಿ ಬಿಡಿಸಬಾರದು ಎಂಬುದಕ್ಕೂ ಒಂದು ಅಪವಾದ ಇದೆ. ಸಿಗ್ಮಾಯ್ಡ್ (ಗುದನಾಳಕ್ಕೆ ಮುಂಚಿನ ದೊಡ್ಡ ಕರುಳು) ಗಡ್ಡೆ ಗುದನಾಳದೊಳಕ್ಕೆ, ಕೆಲವೊಮ್ಮೆ ಗುದದ ಹೊರಕ್ಕೂ ಇಳಿದಿದ್ದರೆ, ಹಾಗೇ ಕತ್ತರಿಸಿದರೆ ಗುದದ ಸ್ನಾಯುವೇ ಹೋದೀತು. ಅಲ್ಲಿ ಮೆಲ್ಲಗೆ ಮೇಲಕ್ಕೆ ತಳ್ಳಿ, ಸ್ನಾಯು ಉಳಿಸಿಕೊಂಡು ಕತ್ತರಿಸುವುದುಂಟು.

ಬಲಭಾಗದಲ್ಲಿ ಸ್ಥಿತಿ ಗಟ್ಟಿ ಇದ್ದರೆ ಜೋಡಣೆ ಮಾಡಿಯೇ ಮುಚ್ಚಬಹುದು. ಕರುಳು ಕೊಳೆತಿದೆ, ಬಿಪಿಗೆ ನಾರ್‌ಅಡ್ರಿನಲಿನ್ ಓಡುತ್ತಿದೆ, ಲ್ಯಾಕ್ಟೇಟ್ ಇಳಿಯುತ್ತಿಲ್ಲ ಎಂದರೆ ಜೋಡಿಸುವ ಹಟ ಬೇಡ. ಸತ್ತದ್ದನ್ನು ತೆಗೆದು ತುದಿಗಳನ್ನು ಸ್ಟೋಮಾ (ಹೊಟ್ಟೆಯ ಮೇಲೆ ತೆರೆದ ಕರುಳಿನ ಬಾಯಿ) ಆಗಿ ಹೊರತನ್ನಿ, ಅಥವಾ ಸ್ಟೇಪಲ್ ಹಾಕಿ ಒಳಗೇ ಬಿಟ್ಟು 24-48 ಗಂಟೆಯಲ್ಲಿ ಮತ್ತೆ ತೆರೆಯಿರಿ.

ಎಂಡೋ_ಕೊಠಡಿ (ಗ್ಯಾಸ್ಟ್ರೋ)

ಕೊಲೊನೊಸ್ಕೋಪಿಯನ್ನು ಸರ್ಜನ್ ಸಾಹೇಬರು ಹಾರಿಸಿಬಿಟ್ಟರು, ಆದ್ದರಿಂದ ಸ್ವಲ್ಪ ತಕರಾರು. ನಮ್ಮ ದೇಶದಲ್ಲಿ ಬಲಭಾಗದ ಇಲಿಯೋಸೀಕಲ್ ಗಡ್ಡೆ ಅಂದರೆ ಟಿಬಿ ಕೂಡ ಪಟ್ಟಿಯಲ್ಲಿ ಇರಲೇಬೇಕು. ನಾಡಿ, ಬಿಪಿ ಗಟ್ಟಿ ಇದೆ, ಗಾಳಿ ಹೋಗುತ್ತಿದೆ, ಜ್ವರ ಇಲ್ಲ. ಒಂದು ದಿನದಲ್ಲಿ ಸ್ಕೋಪ್ ಮಾಡಿ ಬಯಾಪ್ಸಿ ತೆಗೆದರೆ ಯಾರಿಗೂ ನಷ್ಟವಿಲ್ಲ.

ಆದರೆ ಕುಡಿಸುವ 4 ಲೀಟರ್ ಪೆಗ್ (ಕರುಳು ತೊಳೆಯುವ ದ್ರಾವಣ) ಬೇಡ. ಅಡಚಣೆಯ ಹಿಂದಿನಿಂದ ಅಷ್ಟು ನೀರು ತಳ್ಳಿದರೆ ಅರೆ ಅಡಚಣೆ ಪೂರ್ಣ ಅಡಚಣೆ ಆದೀತು. ತುದಿ ಹೆಪಾಟಿಕ್ ಫ್ಲೆಕ್ಷರ್‌ನಲ್ಲಿದೆ, ಅದರ ಕೆಳಗಿನ ಕರುಳನ್ನಷ್ಟೇ ತೊಳೆದರೆ ಸಾಕು. ಕಡಿಮೆ ಒತ್ತಡದಲ್ಲಿ ಉಗುರುಬೆಚ್ಚಗಿನ ಸಲೈನ್, ಒಂದು ಸಲಕ್ಕೆ 500 ಮಿ.ಲೀ. ಸ್ಕೋಪ್‌ನಲ್ಲಿ ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್. ತುದಿ ಕಂಡೊಡನೆ ನಿಲ್ಲಬೇಕು, ಅದನ್ನು ದಾಟುವ, ತಳ್ಳುವ ಪ್ರಯತ್ನ ಬೇಡ. 6-8 ತುಂಡು ತೆಗೆಯಿರಿ. ಎರಡು ಸೆ.ಮೀ. ಮೀರಿದ, ಅಗಲ ಬುಡದ ಹಳದಿ ನುಣುಪು ಗಡ್ಡೆ ಕಂಡರೆ ಸ್ನೇರ್ (ಕತ್ತರಿಸುವ ತಂತಿಯ ಕುಣಿಕೆ) ಹಾಕುವ ಆಸೆ ಬಿಡಿ. ಒಳಸರಿದ ಗಡ್ಡೆಯ ಬುಡದಲ್ಲಿ ಕರುಳಿನ ಪೂರ್ತಿ ಗೋಡೆಯೇ ಸಿಕ್ಕಿಕೊಂಡಿರಬಹುದು.

ಮತ್ತೊಂದು ಮಾತು. ಅಂಗಾಂಶದ ಪುರಾವೆ ಇಲ್ಲದೆ "ಟಿಬಿ ಇರಬಹುದು, ಎರಡು ತಿಂಗಳು ಔಷಧಿ ಕೊಟ್ಟು ನೋಡೋಣ" ಎನ್ನುವ ಪದ್ಧತಿ ಇಂಥ ಗಡ್ಡೆಗೆ ಸಲ್ಲದು. ಕ್ಯಾನ್ಸರ್ ಆಗಿದ್ದರೆ ಆ ಎರಡು ತಿಂಗಳು ಹೋದಂತೆಯೇ.

ಕತ್ತರಿ_ಸೂಜಿ

ತಕರಾರು ನ್ಯಾಯವಾಗಿದೆ, ಒಂದು ತಿದ್ದುಪಡಿಯೊಂದಿಗೆ. ತುದಿ ಕೊಳೆತು ಹುಣ್ಣಾಗಿರುತ್ತದೆ, ಮೇಲಿನಿಂದ ತೆಗೆದ ತುಂಡಿನಲ್ಲಿ ಬರೀ ಕೀವು, ಸತ್ತ ಅಂಗಾಂಶ ಬರುವುದು ಸಾಮಾನ್ಯ. "ಕ್ಯಾನ್ಸರ್ ಕಂಡಿಲ್ಲ" ಎಂಬ ರಿಪೋರ್ಟ್ ಹಿಡಿದು ಆಪರೇಷನ್ ಮುಂದೂಡಬಾರದು. ಬಯಾಪ್ಸಿಯಲ್ಲಿ ಟಿಬಿ ಬಂದರೂ, ಅಡಚಣೆ ಮಾಡುತ್ತಿರುವ ಇಂಟಸಸೆಪ್ಷನ್‌ಗೆ ಸರ್ಜರಿ ಬೇಕಾಗಬಹುದು. ಆಗ ಕತ್ತರಿಸುವ ವ್ಯಾಪ್ತಿ ಚಿಕ್ಕದಾಗುತ್ತದೆ, ಆರು ತಿಂಗಳ ಟಿಬಿ ಔಷಧಿ ಆಮೇಲೆ. ಎದೆಯ ಸಿಟಿ, ಸಿಇಎ (ಕ್ಯಾನ್ಸರ್ ಸೂಚಕ ರಕ್ತಪರೀಕ್ಷೆ) ಈ ನಡುವೆ ಆಗಲಿ. ನೋವು ಬಿಡದೆ ನಿಂತರೆ, ನಾಡಿ 110 ದಾಟಿದರೆ, ಹೊಟ್ಟೆ ಬಿಗಿಯಾದರೆ ಸ್ಕೋಪ್ ರದ್ದು, ನೇರ ಥಿಯೇಟರ್.

ಅರಿವಳಿಕೆ_ಮಂಚ (ಅನಸ್ತೇಷಿಯಾ)

ಕಳಿಸುವ ಮುಂಚಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಅದೇ ನಮ್ಮ ತಲೆನೋವು.

ಬಾಯಿಗೆ ಏನೂ ಬೇಡ. 16 ಅಥವಾ 18 ಫ್ರೆಂಚ್ ರೈಲ್ಸ್ ಟ್ಯೂಬ್ (ಮೂಗಿನಿಂದ ಜಠರಕ್ಕೆ ಇಳಿಸುವ ಕೊಳವೆ) ಹಾಕಿ, ಬ್ಯಾಗಿಗೆ ತೆರೆದು ಬಿಡಿ. ದಾರಿಯಲ್ಲಿ ಸೋರುತ್ತದೆ ಅಂತ ಮುಚ್ಚಳ ಹಾಕಿ ಕಳಿಸುತ್ತಾರೆ, ಆಂಬುಲೆನ್ಸ್‌ನಲ್ಲೇ ವಾಂತಿ ಆಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಎರಡು ದಪ್ಪ ಕ್ಯಾನುಲಾ, ರಿಂಗರ್ ಲ್ಯಾಕ್ಟೇಟ್, ಮೂತ್ರದ ಕ್ಯಾತಿಟರ್. ಗಂಟೆಗೆ ಕೆಜಿಗೆ 0.5 ಮಿ.ಲೀ. ಮೂತ್ರ ಬರುತ್ತಿರಬೇಕು. ಪೊಟ್ಯಾಸಿಯಂ ನೋಡಿ, ಮೂತ್ರ ಬರುತ್ತಿದ್ದರೆ ಸರಿಪಡಿಸಲು ಅಲ್ಲೇ ಶುರು ಮಾಡಿ. ಪೊಟ್ಯಾಸಿಯಂ ಕಡಿಮೆ ಇದ್ದರೆ ಕರುಳು ಇನ್ನಷ್ಟು ಮಲಗುತ್ತದೆ.

ನೋವಿಗೆ ಔಷಧಿ ಕೊಡಿ. "ಸರ್ಜನ್ ನೋಡುವವರೆಗೆ ಬೇಡ" ಎಂಬುದು ಹಳೆಯ ಕಾಲದ ಮಾತು. ಪ್ಯಾರಾಸಿಟಮಾಲ್ 1 ಗ್ರಾಂ ನಾಳಕ್ಕೆ, ಸಾಲದಿದ್ದರೆ ಮಾರ್ಫಿನ್ 2-3 ಮಿ.ಗ್ರಾಂ.ನಂತೆ ಸ್ವಲ್ಪ ಸ್ವಲ್ಪವಾಗಿ. ಕೊಡಬಾರದ್ದು ಮೆಟೊಕ್ಲೊಪ್ರಮೈಡ್, ಬಿಸಕೊಡಿಲ್, ಲ್ಯಾಕ್ಟುಲೋಸ್. ಮುಚ್ಚಿದ ಕೊಳವೆಗೆ ಹಿಂದಿನಿಂದ ತಳ್ಳುವ ಕೆಲಸ ಅವು. ವಾಂತಿಗೆ ಆಂಡಾನ್ಸೆಟ್ರಾನ್ 4 ಮಿ.ಗ್ರಾಂ. ಸಾಕು. ಪೆರಿಟೊನೈಟಿಸ್ (ಹೊಟ್ಟೆಯ ಒಳಪೊರೆಯ ಉರಿಯೂತ), ಜ್ವರ, ಗೋಡೆಯಲ್ಲಿ ಗಾಳಿ ಇದ್ದರೆ ಪಿಪೆರಾಸಿಲಿನ್-ಟಾಜೊಬ್ಯಾಕ್ಟಂ 4.5 ಗ್ರಾಂ ಹೊರಡುವ ಮುಂಚೆಯೇ ಹೋಗಲಿ, ಅಲರ್ಜಿ ಕೇಳಿಕೊಂಡು.

8.4ರ ಎಚ್‌ಬಿಗೆ ಓಡಿ ರಕ್ತ ಏರಿಸಬೇಕಿಲ್ಲ, ಹೃದಯದ ತೊಂದರೆ ಇಲ್ಲದಿದ್ದರೆ. ಗುಂಪು ನೋಡಿ, ಎರಡು ಯೂನಿಟ್ ಹೊಂದಿಸಿ ಇಡಿ ಅಂತ ಮೇಲಿನ ಆಸ್ಪತ್ರೆಗೆ ಮೊದಲೇ ಹೇಳಿ. ಸಿಟಿಯನ್ನು ಸಿಡಿಯಲ್ಲಿ ಕಳಿಸಿ. ವಾಟ್ಸ್‌ಆಪ್‌ನ ನಾಲ್ಕು ಫೋಟೋ ನೋಡಿ ಕರುಳಿಗೆ ಜೀವ ಇದೆಯೋ ಇಲ್ಲವೋ ಹೇಳಲಾಗದು.

ಪ್ಯಾರಾಫಿನ್_ಬ್ಲಾಕ್ (ಪೆಥಾಲಜಿ)

ಥಿಯೇಟರಿನವರಿಗೆ ಒಂದೇ ಬೇಡಿಕೆ: ಕುತೂಹಲಕ್ಕೆ ಮುದ್ದೆಯನ್ನು ಬಿಡಿಸಿ, ಸೀಳಿ, ಮೊಬೈಲಿನಲ್ಲಿ ಚಿತ್ರ ತೆಗೆದು ಆಮೇಲೆ ಕಳಿಸಬೇಡಿ. ತುದಿ ಯಾವುದು, ಅಂಚು ಯಾವುದು ಎಂಬುದೇ ಕಳೆದುಹೋಗುತ್ತದೆ. ಸಣ್ಣ ಕರುಳಿನ ತುದಿಗೆ ಒಂದು ದಾರ ಕಟ್ಟಿ, ಅಂಗಾಂಶದ ಹತ್ತು ಪಟ್ಟು 10% ಫಾರ್ಮಲಿನ್‌ನಲ್ಲಿ ಹಾಕಿ. ಟಿಬಿ ಅನುಮಾನ ಇದ್ದರೆ ಒಂದು ಲಿಂಫ್ ಗ್ರಂಥಿಯನ್ನೋ ತುಂಡನ್ನೋ ಫಾರ್ಮಲಿನ್‌ಗೆ ಹಾಕುವ ಮೊದಲೇ ಬೇರೆ ಬಾಟಲಿಯಲ್ಲಿ ಸಲೈನ್‌ನಲ್ಲಿಟ್ಟು ಸಿಬಿನ್ಯಾಟ್ (ಟಿಬಿ ರೋಗಾಣುವಿನ ಜೀನ್ ಪರೀಕ್ಷೆ) ಮತ್ತು ಕಲ್ಚರ್‌ಗೆ ಕಳಿಸಿ. ಫಾರ್ಮಲಿನ್‌ಗೆ ಬಿದ್ದ ಮೇಲೆ ಕಲ್ಚರ್ ಆಗುವುದಿಲ್ಲ.

ಲೈಪೋಮಾ ಕೂಡ ಮೇಲ್ಮೈ ಹುಣ್ಣಾಗಿ ರಕ್ತ ಸುರಿಸಿ ಥೇಟ್ ಕ್ಯಾನ್ಸರ್‌ನಂತೆ ಕಾಣಬಲ್ಲದು. ಗಡ್ಡೆ ಲೋಳೆಪದರದ ಅಡಿಯಲ್ಲಿದ್ದರೆ ಮೇಲ್ಮೈ ಬಯಾಪ್ಸಿಗೆ ಸಿಗುವುದೂ ಇಲ್ಲ. ಜಿಸ್ಟ್ (ಕರುಳಗೋಡೆಯ ಒಂದು ಬಗೆಯ ಗಡ್ಡೆ) ಅನುಮಾನಕ್ಕೆ ಸಿಡಿ117, ಡಾಗ್1 ಬಣ್ಣಪರೀಕ್ಷೆ ಹಾಕುತ್ತೇವೆ, ರಿಪೋರ್ಟ್ ನಾಲ್ಕು ದಿನ ತಡವಾದರೆ ಬೈಯಬೇಡಿ.

ಡ್ಯೂಟಿರೂಮ್

ಎಲ್ಲರಿಗೂ ಧನ್ಯವಾದ. ಮೊದಲನೆಯವರ ಅಲ್ಟ್ರಾಸೌಂಡ್‌ನಲ್ಲಿ ಏನೂ ಇಲ್ಲ. ಎರಡನೆಯವರದೇ ಗೊಂದಲ. ರೈಲ್ಸ್ ಟ್ಯೂಬ್, ಸಲೈನ್ ಹಾಕಿದ ಮೇಲೆ ನೋವು ಪೂರ್ತಿ ಹೋಗಿದೆ, ಗಡ್ಡೆಯೂ ಕೈಗೆ ಸಿಗುತ್ತಿಲ್ಲ. ತಾನೇ ಬಿಟ್ಟುಕೊಂಡಿರಬಹುದಲ್ಲವೆ? ಮನೆಯವರು "ಗುಣ ಆಯ್ತಲ್ಲ, ಹಬ್ಬ ಮುಗಿಸಿಕೊಂಡು ಬರುತ್ತೇವೆ" ಎನ್ನುತ್ತಿದ್ದಾರೆ. ಇನ್ನೊಂದು ಪ್ರಶ್ನೆ: ಬೊಜ್ಜಿನ ಆಪರೇಷನ್ ಆದವರಲ್ಲೂ ಇದು ಬರುತ್ತದಂತೆ, ಅವರಿಗೂ ಇದೇ ನಿಯಮವೇ?

ಎಂಡೋ_ಕೊಠಡಿ

ಬಿಟ್ಟುಕೊಂಡಿದ್ದರೆ ಸ್ಕೋಪ್‌ಗೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಸೀಕಂ ತನ್ನ ಜಾಗಕ್ಕೆ ಮರಳಿರುತ್ತದೆ, ಗಡ್ಡೆ ಪೂರ್ತಿ ಕಾಣುತ್ತದೆ, ಊತ ಇಳಿದಿರುತ್ತದೆ, ಬಯಾಪ್ಸಿ ಸರಿಯಾದ ಜಾಗದಿಂದ ಬರುತ್ತದೆ. ಎಕ್ಸ್‌ರೇಯಲ್ಲಿ ಉಬ್ಬರ ಹೋಗಿದ್ದು, ಮಲ ಆಗುತ್ತಿದ್ದರೆ ಪೆಗ್ ಕೂಡ ವಾರ್ಡಿನಲ್ಲೇ ಇಟ್ಟುಕೊಂಡು ನಿಧಾನವಾಗಿ ಕುಡಿಸಬಹುದು. ಮನೆಯಲ್ಲಿ ಕುಡಿದು ಬನ್ನಿ ಅಂತ ಕಳಿಸಬೇಡಿ.

ಕತ್ತರಿ_ಸೂಜಿ

ಮನೆಯವರಿಗೆ ಸಿಟಿ ತೋರಿಸಿ ಹೇಳಿ: ಕರುಳು ಬಿಟ್ಟುಕೊಂಡಿದೆ, 4 ಸೆಂ.ಮೀ. ಗಡ್ಡೆ ಎಲ್ಲಿಗೂ ಹೋಗಿಲ್ಲ, ಎಚ್‌ಬಿ 8.4 ಆಗಿರುವುದು ಅದರಿಂದಲೇ ಇರಬಹುದು. ಮೂರು ತಿಂಗಳಿಂದ ನೋವು ಬಂದು ಹೋಗುತ್ತಿದ್ದದ್ದೂ ಹೀಗೆಯೇ, ಸೇರಿಕೊಂಡಾಗ ನೋವು, ಬಿಟ್ಟಾಗ ಆರಾಮ. ಮುಂದಿನ ಸಲ ಬಿಡದೆ ನಿಂತರೆ ಅದು ರಾತ್ರಿ ಎರಡು ಗಂಟೆಯ ಆಪರೇಷನ್, ಸ್ಟೋಮಾದ ಸಾಧ್ಯತೆಯೊಂದಿಗೆ. ಈಗಾದರೆ ಹಗಲಿನ ಲಿಸ್ಟಿನಲ್ಲಿ, ತಯಾರಾದ ಕರುಳಿನ ಮೇಲೆ. ಇದೇ ಭರ್ತಿಯಲ್ಲಿ ಸ್ಕೋಪ್, ಮುಂದಿನ ಲಿಸ್ಟಿನಲ್ಲಿ ಆಪರೇಷನ್ ಎಂಬುದು ನನ್ನ ಅಭಿಪ್ರಾಯ. ಹೋಗಿಯೇ ಹೋಗುತ್ತೇವೆ ಎಂದರೆ, ಯಾವ ಲಕ್ಷಣಕ್ಕೆ ಯಾವ ಆಸ್ಪತ್ರೆಗೆ ಓಡಬೇಕು ಎಂದು ಕನ್ನಡದಲ್ಲಿ ಬರೆದು ಕೈಗೆ ಕೊಡಿ: ಒಂದು ಗಂಟೆ ದಾಟಿದ ನೋವು, ಹಸಿರು ವಾಂತಿ, ಗಾಳಿ ನಿಲ್ಲುವುದು, ಮಲದಲ್ಲಿ ರಕ್ತ.

ಗ್ಯಾಸ್ಟ್ರಿಕ್ ಬೈಪಾಸ್ ಆದವರ ಲೆಕ್ಕ ಬೇರೆ. ತುಂಬಾ ತೂಕ ಇಳಿದ ಮೇಲೆ, ಹೆಚ್ಚಾಗಿ ಹೆಂಗಸರಲ್ಲಿ, ಜೆಜುನಂ-ಜೆಜುನಂ ಜೋಡಣೆಯ ಜಾಗದಲ್ಲಿ ಕೆಳಗಿನ ಕರುಳು ಹಿಮ್ಮುಖವಾಗಿ ಮೇಲಕ್ಕೆ ತೂರುತ್ತದೆ. ತುದಿಯಲ್ಲಿ ಗಡ್ಡೆ ಇರುವುದಿಲ್ಲ, ಕರುಳಿನ ಚಲನೆಯ ಲಯ ತಪ್ಪಿರುವುದೇ ಕಾರಣ ಎಂಬ ಅಂದಾಜು. ನೋವು ಇಲ್ಲದಾಗ ತೆಗೆದ ಸಿಟಿ ನಾರ್ಮಲ್ ಬರುತ್ತದೆ, ನೋವು ಇರುವಾಗಲೇ ಮಾಡಿಸಬೇಕು. ತೀವ್ರ ನೋವು ನಿಲ್ಲದಿದ್ದರೆ ಸಿಟಿ ಏನೇ ಹೇಳಲಿ, ಲ್ಯಾಪರೊಸ್ಕೋಪ್ ಹಾಕಿ ನೋಡುವುದೇ ಸರಿ, ಏಕೆಂದರೆ ಇಂಟರ್ನಲ್ ಹರ್ನಿಯಾ ಕೂಡ ಇದೇ ವೇಷದಲ್ಲಿ ಬರುತ್ತದೆ. ಕರುಳಿಗೆ ಜೀವ ಇದ್ದರೆ ಬಿಡಿಸಿ ಹೊಲಿದು ನಿಲ್ಲಿಸಬಹುದು, ಮರುಕಳಿಸುವುದುಂಟು. ಜೀವ ಇಲ್ಲದಿದ್ದರೆ, ಅಥವಾ ಮತ್ತೆ ಬಂದರೆ, ಜೋಡಣೆಯನ್ನೇ ತೆಗೆದು ಹೊಸದಾಗಿ ಕಟ್ಟಬೇಕು. ಇದನ್ನು ಬೈಪಾಸ್ ಮಾಡುವ ತಂಡವೇ ಮಾಡಲಿ, ಹಳೆಯ ಆಪರೇಷನ್ ನೋಟ್ಸ್ ತರಿಸಿಕೊಂಡು.